ಕೋವಿ ಠಾಣೆಯಲ್ಲಿ, ಮಂಗ ತೋಟದಲ್ಲಿ: ಕಾನೂನು ಬಿಗಿ ಆಗಬೇಕಾ, ಪೊಲೀಸರು ಗಟ್ಟಿ ಆಗಬೇಕಾ?

ತೋಟದ_ದಾರಿ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಶುರುವಾದ ಒಂದು ಜಗಳವನ್ನು ಇಲ್ಲಿಗೆ ತಂದಿದ್ದೇನೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಅಪ್ಪನ ಹೆಸರಲ್ಲಿ ಒಂದು ಒಂಟಿ ನಳಿಗೆ ಕೋವಿ ಇದೆ. ಬೆಳೆ ರಕ್ಷಣೆಯ ಲೈಸೆನ್ಸು, ಮೂವತ್ತು ವರ್ಷ ಹಳೇದು. ಅದರಿಂದ ಇವತ್ತಿನವರೆಗೆ ಒಂದು ಜೀವವೂ ಹೋಗಿಲ್ಲ. ಮಂಗ ಬಂದಾಗ ಆಕಾಶಕ್ಕೆ ಒಂದು ಈಡು, ಅಷ್ಟೇ.

ಆದರೆ ಚುನಾವಣೆ ಬಂತು ಅಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನಲ್ಲಿ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರಬೇಕು. 2024ರ ಲೋಕಸಭೆ ಚುನಾವಣೆಗೆ ಅಂತ ಮಾರ್ಚ್‌ನಲ್ಲಿ ಕೊಟ್ಟದ್ದು ವಾಪಸ್ ಸಿಕ್ಕಿದ್ದು ಜೂನ್‌ನಲ್ಲಿ. ಅಷ್ಟರಲ್ಲಿ ತೋಟದಲ್ಲಿ ಬಾಳೆಗೊನೆ ಒಂದೂ ಉಳಿದಿರಲಿಲ್ಲ. ಎಳೆ ಅಡಿಕೆ ಮರದ ಬುಡದಲ್ಲಿ ಹಾಸಿದ ಹಾಗೆ ಬಿದ್ದಿತ್ತು. ಕೋವಿಯ ನಳಿಗೆಗೆ ತುಕ್ಕು ಬೇರೆ. ಠಾಣೆ ಯಾವುದು ಅಂತ ಕೇಳಬೇಡಿ, ಮುಂದಿನ ಸಲವೂ ಅಲ್ಲಿಗೇ ಹೋಗಬೇಕು.

ಮೊನ್ನೆ ಹಬ್ಬಕ್ಕೆ ಬೆಂಗಳೂರಿಂದ ಅಕ್ಕನ ಮಗ ಬಂದಿದ್ದ. ಟಿವಿಯಲ್ಲಿ ಅಮೆರಿಕದ ಯಾವುದೋ ಶೂಟಿಂಗ್ ಸುದ್ದಿ ಬರುತ್ತಿತ್ತು. "ಮನೆಯಲ್ಲಿ ಕೋವಿ ಇಡೋದೇ ತಪ್ಪು ಅಜ್ಜಾ, ಕಾನೂನು ಇನ್ನೂ ಬಿಗಿ ಆಗಬೇಕು" ಅಂದ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಚುನಾವಣೆ ಇರೋದು ಲೈಸೆನ್ಸ್ ಇದ್ದವನಿಗೆ ಮಾತ್ರ. ಕಳ್ಳ ಕೋವಿ ಇಟ್ಟವನಿಗೆ ಯಾವ ಚುನಾವಣೆಯೂ ಇಲ್ಲ" ಅಂದರು.

ಪ್ರಶ್ನೆ ಇಷ್ಟೇ. ಕೊಲೆ, ಹೊಡೆದಾಟ ಕಡಿಮೆ ಆಗಬೇಕು ಅಂದರೆ ಬಂದೂಕಿನ ಕಾನೂನು ಬಿಗಿ ಮಾಡಬೇಕಾ, ಪೊಲೀಸರನ್ನು ಗಟ್ಟಿ ಮಾಡಬೇಕಾ? ನಾನಂತೂ ಅಪ್ಪನ ಪಕ್ಷ.

ಬಂಗಡೆ_ಸಾರು
ಮೊದಲು ಮಂಗಗಳಿಗೆ ನೀತಿಸಂಹಿತೆ ಜಾರಿ ಆಗಲಿ.

ಅಘನಾಶಿನಿ
ತಮಾಷೆ ಸಾಕು ಮಾರಾಯಾ. ನಮ್ಮ ಉತ್ತರ ಕನ್ನಡ ಜಿಲ್ಲೆ ಶಾಂತ ಅಂತ ಎಲ್ಲರೂ ಹೇಳಿಕೊಂಡು ತಿರುಗುತ್ತೇವೆ. ನೆನಪು ಮಾಡಿಕೊಳ್ಳಿ. 1996ರ ಏಪ್ರಿಲ್‌ನಲ್ಲಿ ಭಟ್ಕಳದ ಶಾಸಕ ಡಾ. ಚಿತ್ತರಂಜನ್ ಅವರನ್ನು ಮನೆಯಲ್ಲೇ ಗುಂಡಿಟ್ಟು ಕೊಂದರು. 2000ದ ಫೆಬ್ರವರಿಯಲ್ಲಿ ಕಾರವಾರದ ಶಾಸಕ ವಸಂತ ಅಸ್ನೋಟಿಕರ್. 2013ರ ಡಿಸೆಂಬರ್‌ನಲ್ಲಿ ಅಂಕೋಲಾದಲ್ಲಿ ಉದ್ಯಮಿ ಆರ್.ಎನ್. ನಾಯಕ್. ಮೂರೂ ಬಂದೂಕಿನದೇ ಕೆಲಸ. ಮೊದಲೆರಡು ಆದಾಗ ನಾನು ಶಾಲೆಗೆ ಹೋಗುತ್ತಿದ್ದೆ. ಅಸ್ನೋಟಿಕರ್ ಕೊಲೆ ಆದ ದಿನ ನಮ್ಮೂರಿನ ಅಂಗಡಿಗಳೂ ಪಟಪಟ ಬಾಗಿಲು ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾನೂನು ಬಿಗಿ ಆಗದೆ ಹೇಗೆ?

ಘಟ್ಟದಂಚು
ಆ ಮೂರರಲ್ಲಿ ಯಾವುದಾದರೂ ಬೆಳೆ ರಕ್ಷಣೆ ಕೋವಿಯಿಂದ ಆಗಿದೆಯಾ? ಅದನ್ನು ಹೇಳಿ ಮೊದಲು.

ನಾಯಕ್ ಅವರ ಪಕ್ಕದಲ್ಲಿ ಸರ್ಕಾರ ಕೊಟ್ಟ ಗನ್‌ಮ್ಯಾನ್ ಇದ್ದ. ಅವನು ಎದುರು ಗುಂಡು ಹಾರಿಸಿ ದಾಳಿಕೋರರಲ್ಲಿ ಒಬ್ಬನನ್ನು ಅಲ್ಲೇ ಬೀಳಿಸಿದ. ಆದರೂ ನಾಯಕ್ ಉಳಿಯಲಿಲ್ಲ. ಅಂದಮೇಲೆ ಕಾನೂನೂ ಅಲ್ಲ, ಪೊಲೀಸೂ ಅಲ್ಲ. ಸುಪಾರಿ ಕೊಟ್ಟವನು ಬೇರೆ ದೇಶದಲ್ಲಿ ಕೂತಿದ್ದರೆ ಇಲ್ಲಿ ನೀವು ಏನು ಬಿಗಿ ಮಾಡುತ್ತೀರಿ?

ಅಘನಾಶಿನಿ
ಪೂರ್ತಿ ಕತೆ ಹೇಳಿ ಮತ್ತೆ. ಆ ಸುಪಾರಿ ಕೊಟ್ಟ ಭೂಗತ ಪಾತಕಿ ಬನ್ನಂಜೆ ರಾಜನನ್ನು 2015ರಲ್ಲಿ ಮೊರಾಕ್ಕೋದಲ್ಲಿ ಹಿಡಿದು ಅದೇ ವರ್ಷ ಇಲ್ಲಿಗೆ ಕರೆತಂದರು. 2022ರಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ ಕೋಕಾ (ಸಂಘಟಿತ ಅಪರಾಧ ತಡೆ) ಕಾಯ್ದೆಯಡಿ ಜೀವಾವಧಿ ಕೊಟ್ಟಿತು. ಕಾನೂನು ಬಿಗಿ ಇದ್ದದ್ದಕ್ಕೇ ಅಲ್ವಾ?

ಘಟ್ಟದಂಚು
ಕಾನೂನು 2000ದಿಂದಲೂ ಇತ್ತು. ಹಿಡಿದು ತಂದು, ಸಾಕ್ಷಿ ಕೂಡಿಸಿ, ಎಂಟು ವರ್ಷ ಕೋರ್ಟಿಗೆ ಅಲೆದವರು ಯಾರು? ಪೊಲೀಸರು. ನೀವೇ ನನ್ನ ಮಾತು ಹೇಳಿಕೊಟ್ಟ ಹಾಗಾಯಿತು.

ಬಂಗಡೆ_ಸಾರು
ಎರಡು ಪ್ರತಿಕ್ರಿಯೆ ಮೊದಲು "ಪೊಲೀಸೂ ಅಲ್ಲ" ಅಂದಿದ್ದು ಯಾರೋ? 😀

ನಿವೃತ್ತ_ಹೆಡ್ಡು
ನಾನು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಿ. ಘಟ್ಟದ ಮೇಲೂ ಕೆಳಗೂ ಕೆಲಸ ಮಾಡಿದ್ದೇನೆ.

ತೋಟದವರೇ, ನಿಮ್ಮ ಅಪ್ಪ ಹೇಳಿದ್ದು ಖರೆ. ಲೈಸೆನ್ಸ್ ಕೋವಿ ಎಲ್ಲಿದೆ ಅಂತ ರಿಜಿಸ್ಟರ್ ನೋಡಿದರೆ ಸಾಕು. ನಾಡ ಬಂದೂಕು ಎಲ್ಲಿದೆ ಅಂತ ತಿಳಿಯೋಕೆ ಊರು ಗೊತ್ತಿರಬೇಕು. ನಾನು ಬೀಟ್ ಮಾಡುತ್ತಿದ್ದ ಒಂದು ಕಡೆ ಮೂರು ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವಂಥವು) ಇದ್ದವು. ಹೇಗೆ ಗೊತ್ತಾಯಿತು ಅಂದರೆ ಗೂಡಂಗಡಿಯವನಿಂದ. ತಲೆಗೆ ಕಟ್ಟುವ ಲೈಟಿನ ಬ್ಯಾಟರಿ ಮಳೆ ಬಿದ್ದ ವಾರ ಯಾಕೆ ಅಷ್ಟು ಖರ್ಚಾಗುತ್ತದೆ ಅಂತ ಸುಮ್ನೆ ಕೇಳಿದೆ. ಅವನು ನಕ್ಕ. ಆ ನಗೆಯೇ ಸಾಕಾಯಿತು. ಶಿಕಾರಿಗೆ ಹೋಗುವವರು ಯಾರು, ಅವರಲ್ಲಿ ಯಾರಿಗೆ ಯಾರನ್ನು ಕಂಡರೆ ಆಗಿಬರುವುದಿಲ್ಲ, ಎಲ್ಲ ಒಂದೊಂದೇ ಹೊರಗೆ ಬಂತು. ಎರಡು ಕೋವಿ ಹಿಡಿದೆವು. ಮೂರನೆಯದು ಹಳ್ಳಕ್ಕೆ ಹೋಯಿತು ಅಂತ ಸುದ್ದಿ.

ಈಗ? ಬೀಟ್ ಪದ್ಧತಿ ಕಾಗದದಲ್ಲಿ ಚೆನ್ನಾಗಿದೆ. ಮನೆ ಮನೆಗೆ ಪೊಲೀಸ್ ಅಂತಲೂ 2025ರಲ್ಲಿ ಶುರು ಮಾಡಿದ್ದಾರೆ, ಒಳ್ಳೆಯದೇ. ಆದರೆ ಒಬ್ಬ ಹುಡುಗನಿಗೆ ನಾಲ್ಕಾರು ಹಳ್ಳಿ. ನಡುವೆ ಮಂತ್ರಿ ಬಂದರು, ಬಂದೋಬಸ್ತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ, ಬಂದೋಬಸ್ತು. ಗಣಪತಿ, ಚುನಾವಣೆ, ಪರೀಕ್ಷೆ, ಎಲ್ಲದಕ್ಕೂ ಬಂದೋಬಸ್ತು. ಅವನು ಗೂಡಂಗಡಿಯಲ್ಲಿ ಕೂತು ಚಾ ಕುಡಿಯೋದು ಯಾವಾಗ? ಕೂತರೆ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೀರಿ, "ಡ್ಯೂಟಿ ಬಿಟ್ಟು ಚಾ" ಅಂತ.

ಕಟ್ಟೆ_ವಕೀಲ
ಹೆಡ್ಡು ಸಾಹೇಬರಿಗೆ ನಮಸ್ಕಾರ. ಕೆಲವು ವಿಷಯ ತಿದ್ದಬೇಕು ಅನ್ನಿಸಿತು.

ತೋಟದವರೇ, ಚುನಾವಣೆಗೆ ಎಲ್ಲರೂ ಕಡ್ಡಾಯವಾಗಿ ಕೋವಿ ಒಪ್ಪಿಸಬೇಕು ಅಂತ ಆಯೋಗ ಹೇಳಿಲ್ಲ. ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಇರುತ್ತದೆ. ಜಾಮೀನಿನ ಮೇಲೆ ಹೊರಗಿರುವವರು, ಗಲಾಟೆಯ ಹಿನ್ನೆಲೆ ಇರುವವರು, ಹಿಂದೆ ಚುನಾವಣೆಯಲ್ಲಿ ರಂಪ ಮಾಡಿದವರು, ಇಂಥವರನ್ನು ನೋಡಿ ಯಾರ ಕೋವಿ ತೆಗೆದುಕೊಳ್ಳಬೇಕು ಅಂತ ಆ ಸಮಿತಿ ತೀರ್ಮಾನಿಸಬೇಕು. ಆದರೆ ಒಬ್ಬೊಬ್ಬರನ್ನೇ ನೋಡುವುದಕ್ಕಿಂತ ಎಲ್ಲರಿಂದಲೂ ತೆಗೆದುಕೊಳ್ಳುವುದು ಸುಲಭ. ವಿನಾಯಿತಿ ಬೇಕು ಅಂತ ಅರ್ಜಿ ಕೊಡಿ. ಇನ್ನೊಂದು, ಠಾಣೆಯಲ್ಲೇ ಇಡಬೇಕು ಅಂತಿಲ್ಲ. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೂ ಇಡಬಹುದು. ಬಾಡಿಗೆ ಕೊಡಬೇಕು. ಎಣ್ಣೆ ಹಾಕಿ ಇಡಿ ಅಂತ ಅಲ್ಲಾದರೆ ಹೇಳಬಹುದು.

ಕಾನೂನು ಸಡಿಲ ಇದೆ ಅನ್ನುವವರಿಗೆ: ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. 2019ರಲ್ಲಿ ತಿದ್ದುಪಡಿ ಆಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಲೈಸೆನ್ಸ್ ಇಲ್ಲದೆ ಸಾದಾ ಬಂದೂಕು ಇಟ್ಟುಕೊಂಡರೆ ಮೊದಲು ಒಂದರಿಂದ ಮೂರು ವರ್ಷ ಜೈಲು ಇತ್ತು, ಈಗ ಎರಡರಿಂದ ಐದು. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೂ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಇದಕ್ಕಿಂತ ಏನು ಬಿಗಿ ಬೇಕು?

ತೋಟದ_ದಾರಿ
ವಕೀಲರೇ, ಈ ವಿನಾಯಿತಿ ವಿಷಯ ಮೂವತ್ತು ವರ್ಷದಲ್ಲಿ ಯಾರೂ ಹೇಳಿಲ್ಲ! ಅಪ್ಪನಿಗೆ ಈಗ ಎಪ್ಪತ್ತಮೂರು. ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸೋಕೆ ಆಗುತ್ತಾ?

ಕಟ್ಟೆ_ವಕೀಲ
ಆಗುತ್ತದೆ. 2016ರ ನಿಯಮದ ಪ್ರಕಾರ ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದ್ದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಮಾಡಿಕೊಡಿ ಅಂತ ಕೇಳಬಹುದು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಪೊಲೀಸ್ ವರದಿ ಮತ್ತೆ ಆಗುತ್ತದೆ.

ಬೆಂಗ್ಳೂರು_ಅಳಿಯ
ಮಾವಾ, ಹೆಸರು ಹೇಳದೆ ಬೈದರೆ ಗೊತ್ತಾಗೋದಿಲ್ಲ ಅಂದುಕೊಂಡ್ಯಾ? ಆ ಅಕ್ಕನ ಮಗ ನಾನೇ ಮಹಾಶಯರೇ.

ಅಜ್ಜನ ಕೋವಿ ಕಿತ್ತುಕೊಳ್ಳಿ ಅಂತ ನಾನು ಹೇಳಿರಲಿಲ್ಲ. ನಾನು ಹೇಳಿದ್ದು ಆಸ್ಟ್ರೇಲಿಯಾದ ಕತೆ. 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಅವರು ತಿಂಗಳೊಳಗೆ ಕಾನೂನು ಬದಲಿಸಲು ಒಪ್ಪಿದರು. ಬಡಬಡ ಗುಂಡು ಉಗುಳುವ ರೈಫಲ್‌ಗಳನ್ನು ನಿಷೇಧಿಸಿದರು. ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಸರ್ಕಾರವೇ ದುಡ್ಡು ಕೊಟ್ಟು ಕೊಂಡು ನಾಶ ಮಾಡಿತು. ಅದೇ ವರ್ಷ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬರು ಟೀಚರ್ ಸತ್ತರು. ಬ್ರಿಟನ್ 1997ರಲ್ಲಿ ಕೈಬಂದೂಕನ್ನೇ ನಿಷೇಧಿಸಿತು.

ಅಮೆರಿಕದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48 ಸಾವಿರಕ್ಕೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಅಲ್ಲೇನು ಪೊಲೀಸರು ಕಡಿಮೆ ಇದ್ದಾರಾ?

ಘಟ್ಟದಂಚು
ಜಪಾನಿನಲ್ಲಿ ಜಗತ್ತಿಗೇ ಬಿಗಿಯಾದ ಕಾನೂನು. 2022ರಲ್ಲಿ ಅಲ್ಲಿನ ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ಕೊಂದಿದ್ದು ಮನೆಯಲ್ಲೇ ಮಾಡಿಕೊಂಡ ಬಂದೂಕಿನಿಂದ. ಕೊಳವೆ, ಟೇಪು. ಏನು ಮಾಡಿತು ಕಾನೂನು?

ಬೆಂಗ್ಳೂರು_ಅಳಿಯ
ಅದೊಂದೇ ಘಟನೆಯನ್ನು ನೀವು ಇಷ್ಟು ನೆನಪಿಟ್ಟುಕೊಂಡಿದ್ದೀರಿ ಅಂದರೆ ಅಲ್ಲಿ ಅದು ಎಷ್ಟು ಅಪರೂಪ ಅಂತ ಲೆಕ್ಕ ಹಾಕಿ. ಅಮೆರಿಕದ ಹೋದ ವಾರದ ಶೂಟಿಂಗ್ ಯಾವ ಊರಲ್ಲಿ ಆಗಿದ್ದು ಹೇಳಿ ನೋಡೋಣ?

ಬಂಗಡೆ_ಸಾರು
ಅಳಿಯನಿಗೆ ಒಂದು ಪಾಯಿಂಟು.

ಕೊಡಗಿನ_ಸೊಸೆ
ನಾನು ಹೊನ್ನಾವರದವಳು, ಮದುವೆಯಾಗಿ ಕೊಡಗಿಗೆ ಹೋದೆ. ಇಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಮುಂದುವರಿಸಿದ್ದಾರೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು, ಸತ್ತರೆ ಎರಡು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ. ಹಾಗಂತ ಬೀದಿಬೀದಿಯಲ್ಲಿ ಗುಂಡಿನ ಕಾಳಗ ನಡೆಯುತ್ತಿಲ್ಲ. ಕೋವಿ ಅನ್ನೋದು ಮನೆತನದ ಮರ್ಯಾದೆ ಆದಾಗ ಅದರ ಮೇಲೆ ಮನೆಯವರದೇ ಒಂದು ಕಣ್ಣು ಇರುತ್ತದೆ.

ಅಘನಾಶಿನಿ
ಹಾಗಾದರೆ ಆಸ್ತಿ ಜಗಳದಲ್ಲಿ ಅಣ್ಣ ತಮ್ಮನಿಗೆ ಗುಂಡು ಹೊಡೆದ ಅಂತ ಆಗಾಗ ಪೇಪರಿನಲ್ಲಿ ಬರೋದು ಯಾವ ಜಿಲ್ಲೆಯಿಂದ ಅಕ್ಕಾ?

ಕೊಡಗಿನ_ಸೊಸೆ
ಬರುತ್ತದೆ. ಇಲ್ಲ ಅನ್ನೋದಿಲ್ಲ.

ಧಾರವಾಡ_ಹಾಸ್ಟೆಲ್
ನಾನು ಅಂಕೋಲಾದವನು, ಧಾರವಾಡದಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದೇನೆ. ಪರೀಕ್ಷೆಗೆ ಓದಬೇಕಾದವನು ಇಲ್ಲಿ ಕೂತಿದ್ದೇನೆ, ಬೈಯಬೇಡಿ.

ಪೊಲೀಸರನ್ನು ಗಟ್ಟಿ ಮಾಡಿ ಅನ್ನುವವರು ಏನು ಗಟ್ಟಿ ಮಾಡಬೇಕು ಅಂತ ಹೇಳುತ್ತಿಲ್ಲ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ 1972-73ರಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಬೀಟ್‌ಗಳಲ್ಲಿ ಗಸ್ತು ಕಾರು ಹೆಚ್ಚು ಮಾಡಿದರು, ಕೆಲವದರಲ್ಲಿ ತೆಗೆದೇಬಿಟ್ಟರು, ಉಳಿದವನ್ನು ಮೊದಲಿನಂತೆ ಬಿಟ್ಟರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಸುಮ್ನೆ ಜೀಪು ಓಡಿಸಿದರೆ ಡೀಸೆಲ್ ಖರ್ಚು ಅಷ್ಟೇ.

ಇಪ್ಪತ್ತು ವರ್ಷದ ನಂತರ, 1992-93ರಲ್ಲಿ, ಅದೇ ಊರಿನಲ್ಲಿ ಇನ್ನೊಂದು ಪ್ರಯೋಗ. ಬಂದೂಕಿನ ಅಪರಾಧ ಬಹಳ ಇದ್ದ ಒಂದೇ ಬೀಟ್ ಆರಿಸಿಕೊಂಡರು. ಅಲ್ಲಿ ರಾತ್ರಿ ವಾಹನ ನಿಲ್ಲಿಸಿ ತಪಾಸಣೆ ಮಾಡಿ ಕಳ್ಳ ಬಂದೂಕು ಹುಡುಕೋದೇ ಕೆಲಸ ಅಂತ ಪೊಲೀಸರನ್ನು ಹಾಕಿದರು. ವಶವಾದ ಬಂದೂಕು 65 ಶೇಕಡಾ ಹೆಚ್ಚಾಯಿತು. ಬಂದೂಕಿನ ಅಪರಾಧ 49 ಶೇಕಡಾ ಇಳಿಯಿತು. ಹೆಡ್ಡು ಸಾಹೇಬರು ಗೂಡಂಗಡಿಯಲ್ಲಿ ಮಾಡಿದ್ದೂ ಸುಮಾರು ಇದನ್ನೇ. ಎಲ್ಲಿ, ಯಾರ ಹತ್ತಿರ ಅಂತ ತಿಳಿದು ಹೋಗೋದು.

ನಮ್ಮ ದೇಶದ ಲೆಕ್ಕ ಬೇರೆ ಇದೆ. 2022ರಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದರಲ್ಲಿ 9,962ಕ್ಕೆ ಕಾರಣ ಜಗಳ, ವ್ಯಾಜ್ಯ. ಅಂದರೆ ಕೊಲೆ ಮಾಡಿದವರಲ್ಲಿ ಡಾನ್‌ಗಳಿಗಿಂತ ನಮ್ಮ ನಿಮ್ಮಂಥವರೇ ಜಾಸ್ತಿ.

ಗಡಿನಾಡ_ಗಜಾಲಿ
ವಾಹನ ತಪಾಸಣೆ ಅಂದಿರಾ? ಮಾಜಾಳಿ ಗೇಟಿನಲ್ಲಿ ದಿನಾ ಆಗುತ್ತದೆ. ಗೋವಾದಿಂದ ಬರುವ ಒಂದು ಕ್ವಾರ್ಟರ್ ಬಾಟಲಿ ತಪ್ಪಿಸಿಕೊಳ್ಳೋದಿಲ್ಲ. ಪಿಸ್ತೂಲಿಗೆ ವಾಸನೆ ಇಲ್ಲವಲ್ಲ.

ಕಾಳಿ_ಕೊಳ್ಳ
ಧಾರವಾಡದ ತಮ್ಮಾ, ಆ ಪ್ರಯೋಗದಲ್ಲಿ ತಪಾಸಣೆಗೆ ನಿಲ್ಲಿಸಿದ್ದು ಯಾರನ್ನು ಅಂತಲೂ ಪುಸ್ತಕದಲ್ಲಿ ಬರೆದಿದ್ದಾರಾ?

ನಾನು ಜೊಯಿಡಾ ಕಡೆಯವನು. ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ನಮ್ಮ ಊರು. ಎಲ್ಲೋ ಒಂದು ಕಾಡುಹಂದಿಗೆ ಗುಂಡು ಬಿತ್ತು ಅಂದರೆ ಮೊದಲು ಹುಡುಕೋದು ನಮ್ಮ ಗುಡಿಸಲು. ಹತ್ತು ಎಕರೆ ತೋಟದವರ ಮನೆಗೆ ಹೋದರೆ "ರಾಯರೇ, ಏನಾದರೂ ಗೊತ್ತಾ" ಅಂತ ಕೇಳುತ್ತಾರೆ. ನಮ್ಮಲ್ಲಿ ಪಾತ್ರೆ ತೆಗೆದು ಹೊರಗೆ ಎಸೆಯುತ್ತಾರೆ. ಒಮ್ಮೆ ನನ್ನ ದೊಡ್ಡಪ್ಪನನ್ನು ಎರಡು ದಿನ ಕೂರಿಸಿಕೊಂಡರು. ಏನೂ ಸಿಗಲಿಲ್ಲ. ಭತ್ತದ ಕೊಯ್ಲಿನ ಎರಡು ದಿನ ಅದು. ಯಾವ ಇಲಾಖೆ ಅಂತ ಹೇಳೋಕೆ ಹೋಗೋದಿಲ್ಲ.

ಪೊಲೀಸ್ ಗಟ್ಟಿ ಆಗಲಿ ಅಂತ ನೀವೆಲ್ಲ ಸಲೀಸಾಗಿ ಹೇಳುತ್ತೀರಿ. ಗಟ್ಟಿ ಆದ ಕೈ ಮೊದಲು ಬೀಳೋದು ಯಾರ ಮೇಲೆ ಅಂತ ನಮಗೆ ಗೊತ್ತು. ಕಾನೂನು ಆದರೂ ಕಾಗದದಲ್ಲಿ ಎಲ್ಲರಿಗೂ ಒಂದೇ.

ನಿವೃತ್ತ_ಹೆಡ್ಡು
ಇದಕ್ಕೆ ನಾನು ಎದುರು ಮಾತಾಡೋದಿಲ್ಲ ಅಣ್ಣಾ. ಹಾಗೆ ಆಗುತ್ತದೆ. ಆಗಬಾರದು.

ಬೇಲೆಕೇರಿ_ಗಾಳಿ
ನೀವೆಲ್ಲ ಬಂದೂಕು ಬಂದೂಕು ಅಂತೀರಿ. 2024ರ ಸೆಪ್ಟೆಂಬರ್‌ನಲ್ಲಿ ಕಾರವಾರದ ಹಣಕೋಣದಲ್ಲಿ ಉದ್ಯಮಿಯೊಬ್ಬರನ್ನು ಬೆಳಬೆಳಗ್ಗೆ ಮನೆಗೆ ನುಗ್ಗಿ ಕೊಂದರಲ್ಲ, ಅದು ತಲವಾರಿನಿಂದ. ಕತ್ತಿಗೂ ಲೈಸೆನ್ಸ್ ಮಾಡುತ್ತೀರಾ? ನಮ್ಮ ಅಮ್ಮ ಮೀನು ಕೊಯ್ಯೋಕೆ ಡಿಸಿ ಆಫೀಸಿಗೆ ಹೋಗಬೇಕಾ?

ಕಟ್ಟೆ_ವಕೀಲ
ತಲವಾರೂ ಆ ಕಾಯ್ದೆಯೊಳಗೇ ಬರುತ್ತದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗು ಇದ್ದರೆ ಅದು ಆಯುಧ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಅದಕ್ಕೂ ಲೈಸೆನ್ಸ್ ಬೇಕು. ಆದರೆ ಮನೆಗೆಲಸಕ್ಕೆ, ಕೃಷಿಗೆ ಅಂತ ಮಾಡಿದ್ದಕ್ಕೆ ವಿನಾಯಿತಿ. ನಿಮ್ಮ ತಾಯಿಯವರ ಮೆಟ್ಟುಗತ್ತಿ ಕ್ಷೇಮ.

ಬೇಲೆಕೇರಿ_ಗಾಳಿ
ಅಮ್ಮನಿಗೆ ಹೇಳಿದೆ. "ವಕೀಲರಿಗೆ ಎರಡು ಬಂಗಡೆ ಕೊಡು" ಅಂದಳು.

ಬಂಗಡೆ_ಸಾರು
ಈಗ ಚರ್ಚೆ ಸರಿಯಾದ ದಾರಿಗೆ ಬಂತು.

ಅಘನಾಶಿನಿ
ಕತ್ತಿಗೂ ಬಂದೂಕಿಗೂ ವ್ಯತ್ಯಾಸ ಇದೆ. ಕತ್ತಿ ಹಿಡಿದವನಿಂದ ಓಡಬಹುದು. ಕತ್ತಿಯ ಗಾಯವಾದರೆ ಆಸ್ಪತ್ರೆ ಮುಟ್ಟುವವರೆಗೆ ಉಳಿಯುವ ಸಾಧ್ಯತೆ ಜಾಸ್ತಿ. ಗುಂಡಿಗೆ ಆ ದಯೆ ಇಲ್ಲ.

ಗಡಿನಾಡ_ಗಜಾಲಿ
ಆಸ್ಪತ್ರೆ ಅಂದಿರಿ, ಹೊಟ್ಟೆ ಉರಿಯಿತು. ಈ ಜಿಲ್ಲೆಯಲ್ಲಿ ಗುಂಡು ಬಿದ್ದರೂ ಒಂದೇ, ಬೈಕಿನಿಂದ ಬಿದ್ದರೂ ಒಂದೇ. ಕಾರವಾರದವರು ಗೋವಾದ ಬಾಂಬೋಳಿಗೆ, ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಇರಿತ ಕೊಲೆ ಯತ್ನವಾಗಿ ಉಳಿಯುತ್ತದಾ, ಕೊಲೆ ಆಗುತ್ತದಾ ಅಂತ ತೀರ್ಮಾನ ಮಾಡೋದು ಪೊಲೀಸೂ ಅಲ್ಲ, ಕಾನೂನೂ ಅಲ್ಲ. ಆಂಬುಲೆನ್ಸಿನ ಡ್ರೈವರು.

ದೇವಿಮನೆ_ತಿರುವು
ಅದೂ ಘಟ್ಟದಲ್ಲಿ ಮಣ್ಣು ಕುಸಿಯದಿದ್ದರೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಬಿದ್ದು ಹೆದ್ದಾರಿಯೇ ಹೋಯಿತು. ಆಗಸ್ಟ್‌ನಲ್ಲಿ ಕಾಳಿ ಸೇತುವೆ ಬಿತ್ತು. 112ಕ್ಕೆ ಫೋನ್ ಮಾಡಬೇಕು ಅಂದರೆ ನಮ್ಮಲ್ಲಿ ಮೊದಲು ನೆಟ್‌ವರ್ಕ್ ಸಿಗುವ ಬಂಡೆ ಹತ್ತಬೇಕು.

ಘಟ್ಟದಂಚು
ವಿಷಯಕ್ಕೆ ಬನ್ನಿ. ಕಲಬುರ್ಗಿ ಅವರನ್ನು 2015ರಲ್ಲಿ ಧಾರವಾಡದಲ್ಲಿ, ಗೌರಿ ಲಂಕೇಶ್ ಅವರನ್ನು 2017ರಲ್ಲಿ ಬೆಂಗಳೂರಿನಲ್ಲಿ ಕೊಂದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲಿನಿಂದ ಅಂತ ಪ್ರಯೋಗಾಲಯದ ವರದಿ ಹೇಳಿತು. ಅದಕ್ಕೆ ಲೈಸೆನ್ಸ್ ಇರಲಿಲ್ಲ. ಎರಡು ವರ್ಷ ಅದು ಎಲ್ಲೋ ಒಂದು ಕಡೆ ಸುಮ್ನೆ ಕೂತಿತ್ತು. ಯಾವ ಬಿಗಿ ಕಾನೂನು ಅದನ್ನು ಹುಡುಕಿತು? ಎರಡನೇ ಕೊಲೆ ಆದ ಮೇಲೆ ತನಿಖಾ ತಂಡ ಹಗಲು ರಾತ್ರಿ ಕೂತು ಜಾಲ ಬಿಡಿಸಿತು. ಪೊಲೀಸ್ ಕೆಲಸ. ನನ್ನ ವಾದ ಮುಗಿಯಿತು.

ಹೊಳೆದಂಡೆ
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ನೀವು ಎಲ್ಲರೂ ಲೈಸೆನ್ಸ್ ಕೋವಿ ಒಳ್ಳೆಯದು, ಕಳ್ಳ ಕೋವಿ ಕೆಟ್ಟದ್ದು ಅಂತ ಎರಡು ರಾಶಿ ಮಾಡಿಬಿಟ್ಟಿದ್ದೀರಿ. ನನ್ನ ಗಂಡನ ಮನೆಯಲ್ಲಿ ಇದ್ದದ್ದು ಲೈಸೆನ್ಸ್ ಕೋವಿ. ಬೆಳೆ ರಕ್ಷಣೆಯದೇ. ಗಂಡ ಊರಿಗೆ ಒಳ್ಳೆಯವರು. ಯಕ್ಷಗಾನಕ್ಕೆ ಚಂದಾ ಕೊಡುವವರು, ಯಾರ ಮೇಲೂ ಕೈ ಮಾಡಿದವರಲ್ಲ. ಕುಡಿದ ರಾತ್ರಿ ಮಾತ್ರ ಕೋವಿ ಗೋಡೆಯಿಂದ ಕೆಳಗೆ ಬರುತ್ತಿತ್ತು. ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆಯಿಂದ ಒರೆಸುತ್ತಾ ಕೂರುತ್ತಿದ್ದರು. ಬೈಯುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು, ಒರೆಸುತ್ತಿದ್ದರು. ಮಕ್ಕಳು ಓದುವುದು ನಿಲ್ಲಿಸಿ ಚಾಪೆಯ ಮೇಲೆ ಹಾಗೇ ಮಲಗುತ್ತಿದ್ದರು, ನಿದ್ದೆ ಬಂದ ಹಾಗೆ.

ಒಂಬತ್ತು ವರ್ಷ. ಒಂದು ಗುಂಡೂ ಹಾರಲಿಲ್ಲ. ಎರಡು ಸಲ ನವೀಕರಣಕ್ಕೆ ವರದಿ ಆಯಿತು. "ಯಾವ ಪ್ರಕರಣವೂ ಇಲ್ಲ, ಸನ್ನಡತೆ" ಅಂತ ಬರೆದುಕೊಂಡು ಹೋದರು. ಬಂದವರಿಗೆ ಚಾ ಮಾಡಿಕೊಟ್ಟವಳು ನಾನೇ. ಚಾ ಚೆನ್ನಾಗಿದೆ ಅಂದರು. ಬೇರೆ ಏನೂ ಕೇಳಲಿಲ್ಲ.

ಈಗ ನಾನೂ ಮಕ್ಕಳೂ ತವರಿನಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ. ಧಾರವಾಡದ ತಮ್ಮಾ, ನಿನ್ನ 28,522ರಲ್ಲಿ ನಾನು ಇಲ್ಲ. ಅದಕ್ಕೆ ಬರೆದೆ.

ಬಂಗಡೆ_ಸಾರು
ಅಕ್ಕಾ, ಮೇಲೆ ಅಷ್ಟೊಂದು ತಮಾಷೆ ಮಾಡಿದ್ದಕ್ಕೆ ನಾಚಿಕೆ ಆಯಿತು.

ಹೊಳೆದಂಡೆ
ಇರಲಿ ತಮ್ಮಾ. ಮಂಗದ ಜೋಕಿಗೆ ನಾನೂ ನಕ್ಕಿದ್ದೆ.

ನಿವೃತ್ತ_ಹೆಡ್ಡು
ತಂಗೀ, ನಿಮ್ಮ ಬರಹ ಓದಿ ಫೋನ್ ಕೆಳಗೆ ಇಟ್ಟು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ.

ನಾನು ಇಂಥ ವರದಿ ಎಷ್ಟು ಬರೆದಿದ್ದೇನೋ ಲೆಕ್ಕ ಇಲ್ಲ. ಠಾಣೆಯ ರಿಜಿಸ್ಟರ್ ನೋಡುತ್ತಿದ್ದೆ, ಅಕ್ಕಪಕ್ಕದ ಇಬ್ಬರು ಗಂಡಸರನ್ನು ಕೇಳುತ್ತಿದ್ದೆ, ಸಹಿ ಹಾಕಿಸುತ್ತಿದ್ದೆ. ಮನೆಯ ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿದ್ದು ಒಂದು ಸಲವೂ ನೆನಪಾಗುತ್ತಿಲ್ಲ. ಕೇಳಬೇಕು ಅಂತ ಹೇಳಿಕೊಟ್ಟವರೂ ಇರಲಿಲ್ಲ. ಚಾ ಕುಡಿದಿದ್ದೇನೆ. ಬಹಳ ಮನೆಗಳಲ್ಲಿ ಕುಡಿದಿದ್ದೇನೆ.

ಬೆಂಗ್ಳೂರು_ಅಳಿಯ
ಕೆನಡಾದಲ್ಲಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದರೆ ಹೆಂಡತಿಯ ಅಥವಾ ಗಂಡನ ಸಹಿ ಕೇಳುತ್ತಾರೆ. ಎರಡು ವರ್ಷದೊಳಗೆ ಬಿಟ್ಟುಹೋದ ಸಂಗಾತಿ ಇದ್ದರೆ ಅವರ ವಿವರವನ್ನೂ ಕೊಡಬೇಕು. ಸಹಿ ಇಲ್ಲದಿದ್ದರೆ ಅವರಿಗೆ ವಿಷಯ ತಿಳಿಸುತ್ತಾರೆ. ನಾನು ಬಿಗಿ ಕಾನೂನು ಅಂದದ್ದು ಇಂಥದ್ದಕ್ಕೆ. ಅಜ್ಜನಿಗೆ ತುಕ್ಕು ಹಿಡಿದ ಕೋವಿ ವಾಪಸ್ ಕೊಡೋದಕ್ಕಲ್ಲ.

ಘಟ್ಟದಂಚು
ಇಲ್ಲಿ ಸಹಿ ಕೇಳಿದರೆ ಗಂಡ ಪಕ್ಕದಲ್ಲೇ ನಿಂತು ಹಾಕಿಸುತ್ತಾನೆ. ಹೆಬ್ಬೆಟ್ಟಿಗೆ ಬೆಲೆ ಎಷ್ಟು?

ಹೊಳೆದಂಡೆ
ಸಹಿ ಹಾಕುತ್ತಿದ್ದೆ. ಖಂಡಿತ ಹಾಕುತ್ತಿದ್ದೆ. ಯಾರಾದರೂ ಹೆಂಗಸು ಪೊಲೀಸ್, ಅವರು ಹೊಲದಲ್ಲಿದ್ದಾಗ ಬಂದು, ಹಿತ್ತಲಲ್ಲಿ ಕೂತು ಕೇಳಿದ್ದರೆ ಮಾತ್ರ ಹೇಳುತ್ತಿದ್ದೆನೋ ಏನೋ.

ಕಟ್ಟೆ_ವಕೀಲ
ಅದಕ್ಕೆ ಹೊಸ ಕಾಯ್ದೆಯೇ ಬೇಕಾಗಿಲ್ಲ. ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ ವಿಚಾರಣೆ ಮಾಡುವ ಅಧಿಕಾರ ಈಗಲೂ ಇದೆ. 17ನೇ ಕಲಮಿನಡಿ ಅಮಾನತು ಮಾಡುವ ಅಧಿಕಾರವೂ ಇದೆ. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಮನೆಯ ಬಂದೂಕನ್ನು ಒಪ್ಪಿಸಲು ಆದೇಶಿಸಬಹುದು, ಇದು ಬಹಳ ವಕೀಲರಿಗೇ ಗೊತ್ತಿಲ್ಲ. ತಂಗೀ, ಆ ಕೋವಿ ಈಗಲೂ ಅವರ ಹತ್ತಿರ ಇದ್ದರೆ ಖಾಸಗಿಯಾಗಿ ಒಂದು ಸಂದೇಶ ಹಾಕಿ. ಫೀಸಿನ ಮಾತು ಬೇಡ.

ಕಾಳಿ_ಕೊಳ್ಳ
ನಾನು ಬೆಳಗ್ಗೆ ಪೊಲೀಸ್ ಬೇಡ ಅಂದೆ. ಅಕ್ಕನಿಗೆ ಪೊಲೀಸ್ ಬೇಕಿತ್ತು, ಬರಲಿಲ್ಲ. ನಮ್ಮ ಮನೆಗೆ ಬೇಡದಾಗ ಬಂದರು. ಇದನ್ನು ಹೇಗೆ ಜೋಡಿಸೋದು ಅಂತ ತಿಳಿಯುತ್ತಿಲ್ಲ.

ಧಾರವಾಡ_ಹಾಸ್ಟೆಲ್
ಕಳ್ಳ ಕೋವಿಗೆ ಒಂದು ದಾರಿ ಇದೆ. ಸರ್ಬಿಯಾದಲ್ಲಿ 2023ರ ಮೇನಲ್ಲಿ ಎರಡು ದಿನದಲ್ಲಿ ಎರಡು ಕಡೆ ಶೂಟಿಂಗ್ ಆದ ಮೇಲೆ ಸರ್ಕಾರ ಒಂದು ತಿಂಗಳು ಗಡುವು ಕೊಟ್ಟಿತು. ಲೈಸೆನ್ಸ್ ಇಲ್ಲದ್ದನ್ನು ತಂದು ಒಪ್ಪಿಸಿ, ಕೇಸ್ ಇಲ್ಲ ಅಂತ. ಜನ ಸಾವಿರಗಟ್ಟಲೆ ತಂದುಕೊಟ್ಟರು. ನಮ್ಮಲ್ಲೂ ಅಟ್ಟದ ಮೇಲೆ ಇರುವ ಎಷ್ಟೋ ಕೇಪಿನ ಕೋವಿ ಅಜ್ಜನ ಕಾಲದ್ದು. ಕೊಡೋಕೆ ಮನಸ್ಸಿದ್ದರೂ ಒಯ್ದರೆ ಒಳಗೆ ಹಾಕುತ್ತಾರೆ ಅಂತ ಭಯ.

ಗಡಿನಾಡ_ಗಜಾಲಿ
ತಮ್ಮಾ, ನಿಮ್ಮ ಅಟ್ಟದ ಮೇಲೆ ಎಷ್ಟಿವೆ?

ಧಾರವಾಡ_ಹಾಸ್ಟೆಲ್
ಪರೀಕ್ಷೆ ಇದೆ, ಬರುತ್ತೇನೆ.

ತೋಟದ_ದಾರಿ
ಎರಡು ದಿನದಿಂದ ಎಲ್ಲ ಓದುತ್ತಿದ್ದೇನೆ. ಹೊಳೆದಂಡೆ ಅಕ್ಕ ಬರೆದದ್ದನ್ನು ಓದಿದ ಮೇಲೆ ಒಂದು ಕೆಲಸ ಮಾಡಿದೆ. ಅಮ್ಮನನ್ನು ಕೇಳಿದೆ, ಕೋವಿಯ ಬಗ್ಗೆ ನಿನಗೆ ಏನು ಅನ್ನಿಸುತ್ತದೆ ಅಂತ. ನಲವತ್ತೆರಡು ವರ್ಷ ನನ್ನ ವಯಸ್ಸು, ಇದೇ ಮೊದಲ ಸಲ ಕೇಳಿದ್ದು.

ಅಮ್ಮ ಹಿಟ್ಟು ಕಲಸುತ್ತಿದ್ದಳು. ತಲೆ ಎತ್ತದೆ, "ಕೋವಿಯ ತೋಟಾ ಎಲ್ಲಿಡುತ್ತೇನೆ ಅಂತ ನಿನ್ನಪ್ಪಂಗೆ ಇವತ್ತಿಗೂ ಗೊತ್ತಿಲ್ಲ" ಅಂದಳು.

ನಾನು ಪಿಯುಸಿ ಓದುವಾಗ ಸೊಪ್ಪಿನ ಬೆಟ್ಟದ ಗಡಿಗೆ ಸಂಬಂಧಿಸಿ ದಾಯಾದಿಗಳ ಜೊತೆ ದೊಡ್ಡ ಜಗಳ ಆಗಿತ್ತು. ಮಾತು ನಿಂತಿದ್ದು ಗೊತ್ತು, ಕೋರ್ಟಿಗೆ ಹೋಗಿದ್ದು ಗೊತ್ತು. ಆ ಸಂಜೆ ಅಪ್ಪ ಕೋವಿ ತೆಗೆದುಕೊಂಡು ದಣಪೆಯವರೆಗೆ ಹೋಗಿದ್ದರು ಅನ್ನೋದು ನನಗೆ ಗೊತ್ತಿರಲಿಲ್ಲ. ಅಮ್ಮ ಹಿಂದಿನಿಂದ ಓಡಿಹೋಗಿ ಕರೆತಂದಳಂತೆ. ಅವತ್ತಿನಿಂದ ತೋಟಾ ಡಬ್ಬಿ ಅವಳ ಹತ್ತಿರ. ಮಂಗ ಬಂದಾಗ ಅಪ್ಪ ಕೂಗುತ್ತಾರೆ, ಅಮ್ಮ ಒಂದೇ ಒಂದು ತಂದುಕೊಡುತ್ತಾಳೆ. ಮುದುಕಿಗೆ ಜಿಪುಣತನ ಅಂತ ನಾವೆಲ್ಲ ನಗುತ್ತಿದ್ದೆವು.

ಮೊದಲ ಪೋಸ್ಟಿನಲ್ಲಿ "ಅದರಿಂದ ಒಂದು ಜೀವವೂ ಹೋಗಿಲ್ಲ" ಅಂತ ಬರೆದಿದ್ದೆ. ಅದು ಹಾಗೇ ಇರಲಿ. ಯಾಕೆ ಹೋಗಿಲ್ಲ ಅಂತ ಮಾತ್ರ ಈಗ ಗೊತ್ತಾಯಿತು.

ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸೋದಾ, ಕೋವಿ ಒಪ್ಪಿಸಿಬಿಡೋದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಹೆಂಡತಿಯನ್ನು ಕೇಳಬೇಕು. ನನ್ನ ಎದುರಿಗೆ ಬೇಡ, ತಾನೇ ಕೇಳಿ ಹೇಳುತ್ತೇನೆ ಅಂತ ಅಮ್ಮ ಅಂದಿದ್ದಾಳೆ.

ನಿವೃತ್ತ_ಹೆಡ್ಡು
ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ.

ಬೆಂಗ್ಳೂರು_ಅಳಿಯ
ಅಜ್ಜಿ!! ಮಾವಾ, ಈ ಕತೆ ಅಮ್ಮನಿಗೆ ಗೊತ್ತಾ? ಈಗಲೇ ಫೋನ್ ಮಾಡುತ್ತೇನೆ.

ತೋಟದ_ದಾರಿ
ಮಾಡಬೇಡ ಮಾರಾಯಾ, ಅಪ್ಪ ಪಕ್ಕದಲ್ಲೇ ಇದ್ದಾರೆ.

ಬಂಗಡೆ_ಸಾರು
ಅದೆಲ್ಲ ಸರಿ, ಈಗ ಮಂಗ ಎಲ್ಲಿವೆ?

ತೋಟದ_ದಾರಿ
ಮಾಡಿನ ಮೇಲೆ. ಹಂಚು ಎಣಿಸುತ್ತಿವೆ.